ಅಪ್‌ಡೇಟ್: ನೌಕರಿ ಬಿಟ್ಟು ಯೂಟ್ಯೂಬ್‌ಗೆ ಇಳಿಯಲೇ ಎಂದು ಕೇಳಿದ್ದೆ

ನೌಕರಿ ಬಿಟ್ಟು ಪೂರ್ಣಾವಧಿ ವಿಡಿಯೊ ಮಾಡಲೇ, ಶಾರ್ಟ್ಸ್ (ಯೂಟ್ಯೂಬ್‌ನ ಕಿರು ವಿಡಿಯೊಗಳು) ಒಂದನ್ನೇ ನಂಬಿಕೊಳ್ಳಲೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನೌಕರಿ ಬಿಟ್ಟಿಲ್ಲ, ಆದರೆ ಚಾನೆಲ್‌ಗೆ ಜಾಹೀರಾತು ಆದಾಯ ಬರತೊಡಗಿದೆ!

ನಿಮ್ಮಲ್ಲೊಬ್ಬರ ಮಾತು ದಾರಿ ತೋರಿತು: ಶಾರ್ಟ್ಸ್ ಫೀಡ್‌ನಲ್ಲಿ ಜನ ನೋಡಿದ ಸಮಯ, ಜಾಹೀರಾತು ಆದಾಯಕ್ಕೆ ಬೇಕಾದ 4,000 ಗಂಟೆಗಳ ವೀಕ್ಷಣೆಯ ಲೆಕ್ಕಕ್ಕೆ ಸೇರುವುದಿಲ್ಲ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರ ಜೊತೆಗೆ 12 ತಿಂಗಳಲ್ಲಿ ಆ 4,000 ಗಂಟೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. ಎರಡನೆಯದು ಹೊಸಬರಿಗೆ ಸುಲಭವಾಗಿ ಎಟುಕುವಂಥದ್ದಲ್ಲ. ಹಾಗಾಗಿ ದೀರ್ಘ ವಿಡಿಯೊಗಳನ್ನೇ ಹಿಡಿದೆ. ಅವುಗಳ ಜಾಹೀರಾತು ಆದಾಯದಲ್ಲಿ ಶೇ 55ರಷ್ಟು ನಮಗೆ ಬರುತ್ತದೆ.

ನೋಡುಗರು ಯಾವ ಕ್ಷಣದಲ್ಲಿ ಬಿಟ್ಟುಹೋಗುತ್ತಾರೆ ಎಂದು ತೋರಿಸುವ ಗ್ರಾಫ್ ನನಗೆ ಒಳ್ಳೆಯ ಗುರುವಾಯಿತು. ಪೀಠಿಕೆಯಲ್ಲೇ ರೇಖೆ ಕುಸಿಯುತ್ತಿತ್ತು. ಈಗ ಶೀರ್ಷಿಕೆಯಲ್ಲಿ ಹೇಳಿದ ವಿಷಯವನ್ನು ಮೊದಲ ವಾಕ್ಯದಲ್ಲೇ ಎತ್ತಿಕೊಳ್ಳುತ್ತೇನೆ. ಚಿತ್ರೀಕರಣ ಹಳೆಯ ಮೊಬೈಲ್‌ನಲ್ಲೇ. ಹಣ ಹಾಕಿದ್ದು ಮೈಕ್‌ಗೆ ಮಾತ್ರ. ಮಬ್ಬು ಚಿತ್ರವನ್ನು ಸಹಿಸುವವರೂ ಕೇಳಿಸದ ಮಾತನ್ನು ಸಹಿಸುವುದಿಲ್ಲ.

ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತಿದೆ. ಅದು ಸಂಬಳದ ಮಟ್ಟ ಮುಟ್ಟಿ, ಕೆಲಕಾಲ ಅಲ್ಲೇ ನಿಲ್ಲುವವರೆಗೆ ರಾಜೀನಾಮೆ ಕೊಡುವುದಿಲ್ಲ. ಮುಂದಿನ ಸರಣಿಯ ಚಿತ್ರೀಕರಣ ಈ ವಾರಾಂತ್ಯ ಶುರು.