ಬ್ಲ್ಯಾಕ್ ಹುಡುಗಿಯರ ಮಹತ್ವಾಕಾಂಕ್ಷೆ: ಮೂರು ಸಿನಿಮಾ, ಯಾವ ತುಣುಕು ತೋರಿಸೋದು? (ನಾಲ್ವರ ಮಾತುಕತೆ)

ತೆರೆಮರೆ:
ಫಿಲ್ಮ್ ಸೊಸೈಟಿಯಲ್ಲಿ ಎರಡು ಗಂಟೆಯ ಚರ್ಚೆ ಇದೆ. ಲೆಸ್ಲಿ ಹ್ಯಾರಿಸ್ ಅವರ 'ಜಸ್ಟ್ ಅನದರ್ ಗರ್ಲ್ ಆನ್ ದಿ ಐ.ಆರ್.ಟಿ.' (1993ರಲ್ಲಿ ಬಿಡುಗಡೆ; ಐ.ಆರ್.ಟಿ. ಅಂದ್ರೆ ನ್ಯೂಯಾರ್ಕಿನ ಮೆಟ್ರೋ ರೈಲು), ಡೀ ರೀಸ್ ಅವರ 'ಪರಾಯ' (2011), ಸೆಲೀನ್ ಸಿಯಾಮಾ ಅವರ 'ಗರ್ಲ್‌ಹುಡ್' (2014). ಪೂರ್ತಿ ತೋರಿಸೋಕಾಗಲ್ಲ. ಯಾವ ತುಣುಕು, ಯಾವ ಕ್ರಮ? 'ಪಾಪ, ಬಡವರ ಕಷ್ಟ' ಅನ್ನೋದ್ರಲ್ಲೇ ಮಾತು ಮುಗಿದುಹೋಗಬಾರದು.

ರೀಲುಪೆಟ್ಟಿಗೆ:
ಕೊನೆಗೆ ಗೆದ್ದಳೋ ಸೋತಳೋ ಅಂತ ನೋಡಿದ್ರೆ ಅಲ್ಲಿಗೇ ಹೋಗಿ ನಿಲ್ಲುತ್ತೆ. ಹುಡುಗಿ ತನ್ನ ಆಸೆ ಬಾಯಿಬಿಟ್ಟು ಹೇಳಿದಾಗ ದೊಡ್ಡವರು ಯಾರು, ಏನು ಉತ್ತರ ಕೊಡ್ತಾರೆ ಅನ್ನೋದನ್ನ ಹಿಡ್ಕೊಳ್ಳಿ. ಮೂರರಲ್ಲೂ ಅಂಥ ದೃಶ್ಯ ಇದೆ.

'ಜಸ್ಟ್ ಅನದರ್ ಗರ್ಲ್'ನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಚಾಂಟೆಲ್‌ಗೆ ಹದಿನೇಳು. ಬೇಗ ಸ್ಕೂಲು ಮುಗಿಸಿ ಡಾಕ್ಟರ್ ಆಗಬೇಕು. ಪ್ರಿನ್ಸಿಪಾಲ್‌ಗೆ ತೊಡಕಾಗೋದು ಅವಳ ಮಾರ್ಕ್ಸಲ್ಲ, ಬಾಯಿ. 'ಗರ್ಲ್‌ಹುಡ್'ನಲ್ಲಿ ಪ್ಯಾರಿಸ್ ಹೊರವಲಯದ ಮಾರಿಯೆಮ್‌ಗೆ ಮಾಮೂಲಿ ಹೈಸ್ಕೂಲು ಸಿಗಲ್ಲ, ಕಸುಬಿನ ಕೋರ್ಸಿಗೆ ಹೋಗು ಅಂತಾರೆ. ಅಲ್ಲಿ ಕ್ಯಾಮೆರಾ ಹುಡುಗಿಯ ಮುಖ ಬಿಟ್ಟು ಕದಲಲ್ಲ. ಸ್ಕೂಲಿನ ಸಲಹೆಗಾರ್ತಿ ಬರೀ ದನಿ. 'ಪರಾಯ'ದ ಅಲೀಕೆ ಕವಿತೆ ಬರೀತಾಳೆ, ಅವಳ ಟೀಚರ್ ಮಾತ್ರ 'ಇನ್ನೂ ಆಳಕ್ಕೆ ಹೋಗು' ಅಂತಾರೆ. ಇದೇ ಕ್ರಮದಲ್ಲಿ, ಒಂದೊಂದು ಏಳೆಂಟು ನಿಮಿಷ ಸಾಕು.

ಎಲ್ಲರೂ ಎಡವೋದು ಇಲ್ಲಿ: ಗರ್ಭಪಾತಕ್ಕೆ ಅಂತ ಬಾಯ್‌ಫ್ರೆಂಡ್ ಟೈರೋನ್ ಕೊಟ್ಟ 500 ಡಾಲರನ್ನ ಚಾಂಟೆಲ್ ಗೆಳತಿ ಜೊತೆ ಶಾಪಿಂಗ್‌ಗೆ ಉಡಾಯಿಸೋ ದೃಶ್ಯ. ಅದೊಂದನ್ನೇ ಕತ್ತರಿಸಿ ತೋರಿಸಿದ್ರೆ ಸಭೆ ಅವಳನ್ನ ದಡ್ಡಿ ಅಂತ ತೀರ್ಮಾನಿಸಿಬಿಡುತ್ತೆ. ಬಸುರನ್ನ ತನಗೇ ಒಪ್ಪಿಕೊಳ್ಳದ ಹಟ ಅದರ ಪಕ್ಕದಲ್ಲೇ ಇರಬೇಕು. ಇಡೀ ಸಿನಿಮಾ 17 ದಿನದಲ್ಲಿ ಶೂಟ್ ಆಗಿದೆ ಅನ್ನೋದನ್ನೂ ಮೊದಲೇ ಹೇಳಿ, ಇಲ್ಲದಿದ್ರೆ ಅದರ ಒರಟುತನವನ್ನೇ ಹಿಡ್ಕೊಂಡು ಜಗ್ಗಾಡ್ತಾರೆ.

ಕತ್ತಲಕೋಣೆ:
'ಗರ್ಲ್‌ಹುಡ್' ಅಂದ್ರೆ ಹೋಟೆಲ್ ರೂಮಿನ ನೀಲಿ ಬೆಳಕಿನ ಹಾಡು ಹಾಕೇ ಹಾಕ್ತಾರೆ. ಹಾಕಿ, ಆದ್ರೆ ಹೊಸ ಬಟ್ಟೆ ಮೇಲೆ ಅಂಗಡಿಯ ಸೆಕ್ಯೂರಿಟಿ ಟ್ಯಾಗ್ ಇನ್ನೂ ನೇತಾಡ್ತಿರೋದನ್ನ ತೋರಿಸದೆ ಮುಂದೆ ಹೋಗಬೇಡಿ. ಆ ಸಂಜೆಯ ಬೆಲೆ ಅಷ್ಟು ಚಿಕ್ಕ ಪ್ಲಾಸ್ಟಿಕ್ಕಿನಲ್ಲಿದೆ.

ಪ್ರೊಜೆಕ್ಟರ್ ಬಗ್ಗೆ: 'ಡೈನಾಮಿಕ್' ಮೋಡ್ ತೆಗೆದು ಸಿನಿಮಾ ಮೋಡಿಗೆ ಹಾಕಿ, ಗಾಮಾ (ನಡುವಿನ ಛಾಯೆಗಳ ಬೆಳಕು ನಿರ್ಧರಿಸೋ ಸೆಟ್ಟಿಂಗ್) 2.2. ಮುಖ ಕಾಣ್ತಿಲ್ಲ ಅಂತ ಬ್ರೈಟ್‌ನೆಸ್ ಏರಿಸಿದ್ರೆ ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಚರ್ಮದ ಹೊಳಪು ಸತ್ತುಹೋಗುತ್ತೆ. ಬದಲಿಗೆ ಕಿಟಕಿಗೆ ದಪ್ಪ ಪರದೆ ಹಾಕಿ. 'ಪರಾಯ'ದ ಶುರುವಿನ ಕ್ಲಬ್ ದೃಶ್ಯವನ್ನೇ ಟೆಸ್ಟಿಗೆ ಬಳಸಿ. ಬ್ರಾಡ್‌ಫರ್ಡ್ ಯಂಗ್ ಅವರಿಗೆ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಛಾಯಾಗ್ರಹಣ ಪ್ರಶಸ್ತಿ ತಂದ ಸಿನಿಮಾ ಅದು, ಅದನ್ನ ಮಂಕು ಮಾಡಿ ತೋರಿಸೋದು ಅನ್ಯಾಯ.

ಅಡಿಬರಹ:
ಕನ್ನಡ ಸಬ್‌ಟೈಟಲ್ ಮಾಡೋದಾದ್ರೆ ಎರಡು ಮಾತು. ಗೆಳತಿಯರ ಹರಟೆಗೆ ನಮ್ಮಲ್ಲಿ 'ಕಣೆ', 'ಏನೇ', 'ಹೋಗೇ' ಸಿದ್ಧವಾಗೇ ಇವೆ, ಧಾರಾಳವಾಗಿ ಬಳಸಿ. ಆದ್ರೆ ಬ್ರೂಕ್ಲಿನ್ ಮಾತಿಗೆ ಮಂಡ್ಯದ್ದೋ ಧಾರವಾಡದ್ದೋ ಕನ್ನಡ ಅಂಟಿಸಬೇಡಿ. ನಮ್ಮ ಸಿನಿಮಾಗಳು ಆ ಭಾಷೆಗಳನ್ನ ಕಾಮಿಡಿಗೆ ಬಳಸಿ ಬಳಸಿ, ಚಾಂಟೆಲ್ ಬಾಯಿ ತೆಗೆದ್ರೆ ಜನ ನಗೋಕೆ ರೆಡಿಯಾಗಿರ್ತಾರೆ. 'ಕಪ್ಪು ಹುಡುಗಿ' ಅನ್ನೋದೂ ಬೇಡ, ಅದು ನಮ್ಮ ಕಿವಿಗೆ ವಧು-ವರ ಜಾಹೀರಾತಿನ ಮೈಬಣ್ಣ. 'ಬ್ಲ್ಯಾಕ್' ಅಂತಲೇ ಬಿಡಿ.

ಇನ್ನು 'ಗರ್ಲ್‌ಹುಡ್' ಇಂಗ್ಲಿಷ್ ಹೆಸರು. ಫ್ರೆಂಚ್‌ನಲ್ಲಿ 'ಬಾಂದ್ ದ ಫೀ', ಅಂದ್ರೆ ಹುಡುಗೀರ ಗುಂಪು. 'ಬಾಲ್ಯ' ಅಂತ ಪೋಸ್ಟರ್ ಮಾಡಿದ್ರೆ ಗುಂಪು ಮಾಯ.

ತೆರೆಮರೆ:
ಸಿಯಾಮಾ ಬಿಳಿಯರು ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಮೊದಲೇ ಎತ್ತಲಾ?

ರೀಲುಪೆಟ್ಟಿಗೆ:
ಬೇಡ, ತುಣುಕು ಆದಮೇಲೆ. ಮುಂಚೆ ಎತ್ತಿದ್ರೆ ಎಲ್ಲರೂ ನಿರ್ದೇಶಕಿಯನ್ನೇ ನೋಡ್ತಾರೆ. ಮೊದಲೇ ಹೇಳಬೇಕಾದ್ದು ಇನ್ನೊಂದಿದೆ: 'ಪರಾಯ' (ಅಂದ್ರೆ ಬಹಿಷ್ಕೃತ) ಅನ್ನೋ ಇಂಗ್ಲಿಷ್ ಪದ ಬಂದಿದ್ದು ತಮಿಳಿನ ಪರೈಯರ್ ಜಾತಿಯ ಹೆಸರಿನಿಂದ. ನಮ್ಮ ಸಭೆಯಲ್ಲಿ ಆ ಶೀರ್ಷಿಕೆ ಬರೀ ಶೀರ್ಷಿಕೆಯಾಗಿ ಕೇಳಲ್ಲ. ಶುರುವಲ್ಲೇ ಎರಡು ನಿಮಿಷ ಅದಕ್ಕಿಡಿ.