ಕಾಪು ಲೈಟ್‌ಹೌಸ್ ಫೋಟೋ: ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆ ನಿಲ್ಲಿ

ಪುಟ್ಟಿ, ನಿನ್ನೆ ರಾತ್ರಿ ಗ್ರೂಪ್‌ನಲ್ಲಿ ಕೇಳಿದ್ದೆಯಲ್ಲ, ಆಯುಧಪೂಜೆ ಮುಗಿಸಿಕೊಂಡು ಎಲ್ಲರೂ ಉಡುಪಿ ಹತ್ತಿರದ ಕಾಪುಗೆ ಹೋಗುತ್ತಿದ್ದೇವೆ, ಲೈಟ್‌ಹೌಸ್ ಫೋಟೋ ಚೆನ್ನಾಗಿ ಬರಬೇಕು, ಏನು ಮಾಡಲಿ ಮಾವ ಅಂತ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ. ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ನಿಧಾನವಾಗಿ ಕೇಳು. ಅಕ್ಕ, ಭಾವ, ನೀವೂ ಕೇಳಿ. ಇದರಲ್ಲಿ ಮುಖ್ಯವಾದ ಮಾತು ಇರುವುದು ನಿಮಗೇ.

ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೂರ್ಯ ಮುಳುಗಿದ ತಕ್ಷಣ ಗಾಡಿ ಹತ್ತಬೇಡಿ. ಬೀಚ್‌ನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಸೂರ್ಯ ನೀರಿಗೆ ಇಳಿಯುವ ತನಕ ಮೊಬೈಲ್ ಹಿಡಿದು ನಿಂತಿರುತ್ತಾರೆ, ಇಳಿದ ಮೇಲೆ ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಾರೆ. ಲೈಟ್‌ಹೌಸ್ ಕೆಲಸ ಶುರುವಾಗುವುದೇ ಆಮೇಲೆ ಅಲ್ವಾ? ಮೇಲೆ ದೀಪ ಹತ್ತಿರುತ್ತದೆ, ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ. ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುವುದು ಆ ಸ್ವಲ್ಪ ಹೊತ್ತು ಮಾತ್ರ. ಅದಕ್ಕೆ ಮುಂಚೆ ತೆಗೆದರೆ ದೀಪ ಉರಿಯುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ತಡವಾದರೆ ಆಕಾಶ ಕಪ್ಪು, ಕಂಬ ಕಪ್ಪು, ನಡುವೆ ಒಂದು ಬಿಳಿ ಚುಕ್ಕಿ.

ಯೂರೋಪಿನ ಯಾವುದೋ ಕಡಲತೀರದ ವಿಡಿಯೋ ನೀನು ಹಾಕಿದ್ದೆ ನೋಡು, ಅದರಲ್ಲಿ ಈ ಬೆಳಕು ಒಂದು ಗಂಟೆ ಇರುತ್ತದೆ ಅಂತ ಹೇಳುತ್ತಾರೆ. ಅಲ್ಲಿ ಇರಬಹುದು. ಆ ಕಡೆ ಸೂರ್ಯ ಓರೆಯಾಗಿ ಜಾರಿಕೊಂಡು ಇಳಿಯುತ್ತಾನೆ. ನಾವು ಭೂಮಧ್ಯರೇಖೆಗೆ ಹತ್ತಿರ, ಇಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ 6 ಡಿಗ್ರಿ ಕೆಳಗೆ ಹೋಗಲು ನಮ್ಮಲ್ಲಿ 20ರಿಂದ 25 ನಿಮಿಷ ಸಾಕು. ಆ ಹೊತ್ತಿನ ಆಸುಪಾಸಿನಲ್ಲೇ ನಿನಗೆ ಬೇಕಾದ ಬೆಳಕು ಇರುವುದು. ಅಕ್ಟೋಬರ್ ನಡುಭಾಗದಲ್ಲಿ ಕಾಪು ಕಡೆ ಸೂರ್ಯ ಮುಳುಗುವುದು ಆರೂಕಾಲಿನ ಆಸುಪಾಸು. ಹಾಗಾಗಿ ಭಾವ, ಆರೂಮುಕ್ಕಾಲಿನ ತನಕ ದಯವಿಟ್ಟು ಊಟದ ಮಾತು ಎತ್ತಬೇಡಿ. ಅಮ್ಮನಿಗೆ ಒಂದು ಮಡಚುವ ಕುರ್ಚಿ, ಫ್ಲಾಸ್ಕ್‌ನಲ್ಲಿ ಕಾಫಿ ತೆಗೆದುಕೊಂಡು ಹೋಗಿ. ಮಗು ಇಷ್ಟು ಆಸೆಪಟ್ಟು ಕಲಿಯುತ್ತಿದ್ದಾಳೆ, ಅರ್ಧ ಗಂಟೆ ಅವಳಿಗೆ ಕೊಡಿ.

ಇನ್ನು ಬೆಳಗ್ಗೆಯ ವಿಷಯ. ನಂದಿಬೆಟ್ಟ, ದೇವರಾಯನದುರ್ಗ ನೋಡಿದ ನಮಗೆ ಬೆಳಗ್ಗೆ ಅಂದರೆ ಸೂರ್ಯೋದಯದ ಫೋಟೋ. ಕಾಪುನಲ್ಲಿ ಹಾಗಲ್ಲ. ಸಮುದ್ರ ಪಶ್ಚಿಮಕ್ಕಿದೆ, ಸೂರ್ಯ ಹುಟ್ಟುವುದು ತೆಂಗಿನ ತೋಟದ ಹಿಂದೆ. ಆದರೆ ಅದೇ ಬಿಸಿಲು ನಿನ್ನ ಬೆನ್ನ ಹಿಂದಿನಿಂದ ಬಂದು ನೇರವಾಗಿ ಲೈಟ್‌ಹೌಸ್ ಮೇಲೆ ಬೀಳುತ್ತದೆ. ಕಾಪು ಲೈಟ್‌ಹೌಸ್‌ಗೆ ಕಪ್ಪು ಬಿಳಿ ಪಟ್ಟಿ ಬಳಿದಿದ್ದಾರೆ, 1901ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್. ಬಂಡೆಯ ಮೇಲೆ ನಿಂತಿರುವುದರಿಂದ ಇನ್ನೂ ಎತ್ತರ ಕಾಣುತ್ತದೆ. ಆ ಪಟ್ಟಿ, ಬಂಡೆಯ ಮೈ, ಹಿಂದಿನ ನೀಲಿ ನೀರು ಎಲ್ಲ ಸ್ಪಷ್ಟವಾಗಿ ಬೇಕು ಅಂದರೆ ಬೆಳಗ್ಗೆ ಏಳರಿಂದ ಎಂಟೂವರೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಕಂಬದ ಆಕಾರ ಸಿಗುತ್ತದೆ, ಬಣ್ಣ ಸಿಗುವುದಿಲ್ಲ. ಬೆಳಗ್ಗೆ ಜನವೂ ಕಮ್ಮಿ. ದಡದಲ್ಲಿ ನಿಂತು ಕೈರಂಪಣಿ ಅನ್ನುವ ಮೀನಿನ ಬಲೆ ಎಳೆಯುವವರು ಕಂಡರೆ ಮೊದಲು ಮಾತಾಡಿಸು, ಕೇಳಿಕೊಂಡು ಫೋಟೋ ತೆಗಿ. ಅವರು ದುಡಿಯುತ್ತಿರುತ್ತಾರೆ, ನಾವು ರಜೆಗೆ ಹೋಗಿರುತ್ತೇವೆ.

ಬಂಡೆ ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿ ತೆಗೆಯಬೇಡ. ಕಂಬ ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತದೆ. ಬೀಚ್ ಉದ್ದಕ್ಕೂ ದೂರ ನಡೆದು ಹೋಗು, ಅಲ್ಲಿಂದ ಜೂಮ್ ಲೆನ್ಸ್ ಹಾಕು, ಮೊಬೈಲ್ ಆದರೆ 2ಎಕ್ಸ್ ಅಥವಾ 3ಎಕ್ಸ್. ದೂರದಿಂದ ತೆಗೆದಾಗ ಮೆಟ್ಟಿಲು ಹತ್ತುತ್ತಿರುವ ಜನ ಸಣ್ಣಗೆ ಕಾಣುತ್ತಾರೆ, ಬಂಡೆ ಎಷ್ಟು ದೊಡ್ಡದು ಅಂತ ಆಗ ತಿಳಿಯುತ್ತದೆ. ಸಂಜೆ ಸ್ವಲ್ಪ ಹೊತ್ತು ಲೈಟ್‌ಹೌಸ್ ಮೇಲಕ್ಕೂ ಬಿಡುತ್ತಾರೆ. ಹತ್ತಿ ನೋಡು, ನೋಟ ತುಂಬಾ ಚೆನ್ನಾಗಿದೆ, ಆದರೆ ಅಲ್ಲಿಂದ ತೆಗೆದ ಫೋಟೋದಲ್ಲಿ ಲೈಟ್‌ಹೌಸೇ ಇರುವುದಿಲ್ಲ. ಬೇಗ ಇಳಿದು ಬಾ.

ಈಗ ಬಂಡೆ ಮತ್ತು ಅಲೆ. ಇದನ್ನು ಎರಡು ಸಲ ಕೇಳು. ನಾವು ಮಧುಗಿರಿ ಬೆಟ್ಟ ಹತ್ತಿದವರು, ಬಂಡೆ ಅಂದರೆ ಹೆದರುವುದಿಲ್ಲ. ನಮ್ಮ ಬಂಡೆ ಒಣಗಿರುತ್ತದೆ, ಕಾಲು ಕಚ್ಚಿಕೊಳ್ಳುತ್ತದೆ. ಕಡಲ ಬಂಡೆಗೆ ಪಾಚಿ ಇರುತ್ತದೆ. ಒದ್ದೆಯಾಗಿ ಕಪ್ಪಗೆ ಹೊಳೆಯುವ ಭಾಗ ಎಲ್ಲಿಯವರೆಗೆ ಇದೆ ನೋಡು. ಅಲ್ಲಿಯವರೆಗೆ ಅಲೆ ಬಂದು ಹೋಗಿದೆ, ಮತ್ತೆ ಬರುತ್ತದೆ. ಆ ಗೆರೆಯಿಂದ ಕೆಳಗೆ ಇಳಿಯಬಾರದು. ಹೋದ ತಕ್ಷಣ ಕ್ಯಾಮೆರಾ ತೆಗೆಯಬೇಡ, ಹತ್ತು ನಿಮಿಷ ಸುಮ್ನೆ ನಿಂತು ಅಲೆ ನೋಡು. ಸಣ್ಣ ಸಣ್ಣ ಅಲೆ ಬರುತ್ತಾ ಬರುತ್ತಾ ನಡುವೆ ಎರಡು ಮೂರು ದೊಡ್ಡವು ಒಟ್ಟಿಗೆ ಬರುತ್ತವೆ. ಸಣ್ಣ ಅಲೆ ನೋಡಿ ಧೈರ್ಯ ಮಾಡಿದವರೇ ಪೆಟ್ಟು ತಿನ್ನುವುದು. ಸಮುದ್ರಕ್ಕೆ ಬೆನ್ನು ಹಾಕಿ ಯಾರೂ ನಿಲ್ಲಬಾರದು, ಸೆಲ್ಫಿಗೂ ಇಲ್ಲ. ನೀನು ವ್ಯೂಫೈಂಡರ್ ಒಳಗೆ ಕಣ್ಣಿಟ್ಟಿದ್ದಾಗ ನಿನ್ನ ಪಕ್ಕ ಒಬ್ಬರು ನಿಂತು ನೀರು ನೋಡುತ್ತಿರಬೇಕು. ಆ ಕೆಲಸ ಭಾವನದು.

ಉಬ್ಬರ ಇಳಿತಕ್ಕೆ ಮೊಬೈಲ್‌ನಲ್ಲಿ ಸಮಯ ಸಿಗುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಗೋಡೆಯ ಪಂಚಾಂಗ ನೋಡಿದರೂ ಅಂದಾಜು ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹತ್ತಿರ ಏರಿಳಿತ ಕಮ್ಮಿ. ನೀವು ಹೋಗುತ್ತಿರುವುದು ವಿಜಯದಶಮಿ ಹೊತ್ತಿಗೆ, ಆದ್ದರಿಂದ ಮೊದಲ ದಿನ ನೀರು ಅಷ್ಟು ಆಟ ಆಡಿಸುವುದಿಲ್ಲ. ನಾಲ್ಕು ದಿನ ಉಳಿದರೆ ಹುಣ್ಣಿಮೆ ಹತ್ತಿರ ಬರುತ್ತದೆ, ಆಗ ಹುಷಾರು. ದಶಮಿಯ ಚಂದ್ರ ಸಂಜೆ ಹೊತ್ತಿಗೆ ಆಗಲೇ ಮೇಲೆ ಬಂದಿರುತ್ತಾನೆ, ದಡದ ಕಡೆಯಿಂದ ಲೈಟ್‌ಹೌಸ್ ಮೇಲೆ ಮೆಲ್ಲಗೆ ಬೆಳಕು ಬೀಳುತ್ತದೆ. ಮೋಡ ಇಲ್ಲದಿದ್ದರೆ ಕತ್ತಲಾದ ಮೇಲೂ ಒಂದೆರಡು ಫೋಟೋ ಪ್ರಯತ್ನ ಮಾಡು.

ಕ್ಯಾಮೆರಾ ಸೆಟ್ಟಿಂಗ್ ಕೇಳಿದ್ದೆಯಲ್ಲ. ಟ್ರೈಪಾಡ್ ಮೇಲೆ ಐಎಸ್ಓ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, 100. ಲೆನ್ಸ್ ಕಿಂಡಿಯ ಅಳತೆ ಎಫ್ 8. ಶಟರ್, ಅಂದರೆ ಬೆಳಕು ಒಳಗೆ ಬಿಡುವ ಸಮಯ, ಆಗಿನ ಬೆಳಕು ನೋಡಿಕೊಂಡು ನಿನ್ನ ಇಷ್ಟ. ಸೆಕೆಂಡಿನ 500ರಲ್ಲಿ ಒಂದು ಭಾಗ ಇಟ್ಟರೆ ಅಲೆಯ ಹನಿ ಹನಿ ನಿಲ್ಲುತ್ತದೆ. ಅರ್ಧ ಸೆಕೆಂಡ್ ಇಟ್ಟರೆ ಬಂಡೆಯಿಂದ ವಾಪಸ್ ಹರಿಯುವ ನೀರು ಬಿಳಿ ಗೆರೆಗಳಾಗುತ್ತದೆ. ನನಗೆ ಅದೇ ಇಷ್ಟ. ಅಲೆ ಬಡಿಯುವಾಗ ಅಲ್ಲ, ಬಡಿದು ಹಿಂದೆ ಸರಿಯುವಾಗ ಬಟನ್ ಒತ್ತು. ಈಗ ಎಲ್ಲರೂ 30 ಸೆಕೆಂಡ್ ಇಟ್ಟು ನೀರನ್ನೆಲ್ಲ ನುಣ್ಣಗೆ ಮಾಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಅರಬ್ಬೀ ಸಮುದ್ರ ನಮ್ಮ ತುಮಕೂರಿನ ಅಮಾನಿಕೆರೆ ಥರ ಕಂಡರೆ ಅಷ್ಟು ದೂರ ಹೋಗಿದ್ದು ಯಾಕೆ?

ಕಪ್ಪು ಬಂಡೆ ಜಾಸ್ತಿ ಇದ್ದರೆ ಕ್ಯಾಮೆರಾ ತಾನಾಗಿ ಬೆಳಕು ಏರಿಸುತ್ತದೆ, ಆಗ ಬಿಳಿ ಪಟ್ಟಿ ಸುಟ್ಟು ಹೋಗುತ್ತದೆ. ಎಕ್ಸ್‌ಪೋಷರ್ ಒಂದು ಹಂತ ಇಳಿಸು. ಮೊಬೈಲ್‌ನಲ್ಲಿ ಬಿಳಿ ಭಾಗದ ಮೇಲೆ ಬೆರಳಿಟ್ಟು ಕೆಳಗೆ ಎಳೆ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳಿಯನ್ನು ವಾಪಸ್ ತರಲು ಆಗುವುದಿಲ್ಲ.

ದೀಪದ ಲೆಕ್ಕ ತುಂಬಾ ಚೆನ್ನಾಗಿದೆ, ಇದನ್ನು ಹೇಳಲೇಬೇಕು. ಒಂದೊಂದು ಲೈಟ್‌ಹೌಸ್ ಒಂದೊಂದು ಲಯದಲ್ಲಿ ಮಿನುಗುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ಮಿನುಗು ಅನ್ನುವುದು ನಾವಿಕರ ಪಟ್ಟಿಯಲ್ಲಿ ಇರುತ್ತದೆ. ರಾತ್ರಿ ದೋಣಿಯಲ್ಲಿ ಇರುವವರು ಅದನ್ನು ಎಣಿಸಿಯೇ ಇದು ಯಾವ ಊರಿನ ದೀಪ ಅಂತ ತಿಳಿದುಕೊಳ್ಳುತ್ತಾರೆ. ಒಳಗಿನ ದೀಪ ದೊಡ್ಡದೇನೂ ಇರಬೇಕಾಗಿಲ್ಲ. ಸುತ್ತ ಇರುವ ಗಾಜಿನ ಪಟ್ಟಕಗಳು ಚೆದುರಿ ಹೋಗುವ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಈ ಲೆನ್ಸ್ ಮಾಡಿ 1823ರಲ್ಲಿ ಕೊರ್ದುವಾನ್ ಲೈಟ್‌ಹೌಸ್‌ನಲ್ಲಿ ಇಟ್ಟ. ನೀನೂ ಮೊದಲು ನಿಂತು ಎಣಿಸು. ಮಿನುಗಿನಿಂದ ಮಿನುಗಿಗೆ ಎಷ್ಟು ಸೆಕೆಂಡ್ ಅಂತ ಗೊತ್ತಾದರೆ, ದೀಪ ನಿನ್ನ ಕಡೆ ತಿರುಗುವ ಸ್ವಲ್ಪ ಮುಂಚೆ ಶಟರ್ ತೆರೆಯುವ ಹಾಗೆ ಮಾಡಬಹುದು. ಕೈ ಅಲುಗದಿರಲಿ ಅಂತ 2 ಸೆಕೆಂಡ್ ಟೈಮರ್ ಹಾಕುತ್ತೀಯಲ್ಲ, ಆ ಎರಡನ್ನೂ ಲೆಕ್ಕಕ್ಕೆ ಸೇರಿಸಿಕೋ. ಆಕಾಶ ಕತ್ತಲಾದಂತೆ ಶಟರ್ ಸಮಯ ಹೆಚ್ಚಿಸಬೇಕು. ಆಗ ಒಂದೇ ಫೋಟೋದಲ್ಲಿ ಎರಡು ಮೂರು ಮಿನುಗು ಸೇರಿ ದೀಪದ ಕೋಣೆ ಬೆಳ್ಳಗೆ ಉಬ್ಬಿಹೋಗುತ್ತದೆ. ಅದಕ್ಕೇ ನೀಲಿ ಇರುವಾಗಲೇ ಮುಗಿಸು ಅನ್ನುವುದು.

ಹೋಗುವ ಮುಂಚೆ ಇಲ್ಲೇ ಅಭ್ಯಾಸ ಮಾಡಿಕೋ. ಒಂದು ಸಂಜೆ ಅಮಾನಿಕೆರೆ ಏರಿ ಮೇಲೆ ಟ್ರೈಪಾಡ್ ಇಟ್ಟು ಬೀದಿ ದೀಪ ಹತ್ತುವಾಗಿನಿಂದ ಎರಡು ನಿಮಿಷಕ್ಕೊಂದು ಫೋಟೋ ತೆಗಿ. ಮನೆಗೆ ಬಂದು ಸಾಲಾಗಿ ನೋಡು. ದೀಪವೂ ಆಕಾಶವೂ ಸಮ ಆಗುವ ಗಳಿಗೆ ಯಾವುದು ಅಂತ ನಿನ್ನ ಕಣ್ಣಿಗೇ ಕಾಣುತ್ತದೆ. ಕಾಪುನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ.

ನಮ್ಮೂರಿನ ಒಣ ಹವೆಯಲ್ಲಿ ಗೊತ್ತಾಗದ ಎರಡು ಸಂಗತಿ. ಎಸಿ ರೂಮಿನಿಂದ ಕ್ಯಾಮೆರಾ ಹೊರಗೆ ತಂದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಬ್ಯಾಗ್ ಮುಚ್ಚಿದ ಹಾಗೇ ಅರ್ಧ ಗಂಟೆ ಮುಂಚೆ ಹೊರಗೆ ಇಡು. ಇನ್ನೊಂದು ಉಪ್ಪು. ಗಾಳಿಯಲ್ಲೇ ಉಪ್ಪು ನೀರಿನ ಹನಿ ಇರುತ್ತದೆ. ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಬ್ಲೋವರ್‌ನಿಂದ ಊದು, ಆಮೇಲೆ ಸ್ವಲ್ಪ ಒದ್ದೆ ಮಾಡಿದ ಮೆತ್ತನೆ ಬಟ್ಟೆ. ಟ್ರೈಪಾಡ್ ಕಾಲು ರಾತ್ರಿಯೇ ಸಿಹಿ ನೀರಿನಲ್ಲಿ ತೊಳಿ.

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೂ ಹೋಗಿ. ಲಾವಾ ತಣ್ಣಗಾಗುವಾಗ ಕುಗ್ಗಿ ಸೀಳಿ ಕಂಬ ಕಂಬವಾದ ಬಂಡೆಗಳು, ಸುಮಾರು 8.8 ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ಸಂಜೆಯೊಳಗೆ ದೋಣಿ ವಾಪಸ್ ಬರುತ್ತದೆ, ಆದ್ದರಿಂದ ಬೆಳಗ್ಗೆ ಮೊದಲ ದೋಣಿ ಹಿಡಿಯಿರಿ. ಬಿಸಿಲು ಓರೆಯಾಗಿದ್ದಾಗ ಮಾತ್ರ ಆ ಕಂಬಗಳ ಅಂಚು ಎದ್ದು ಕಾಣುತ್ತದೆ.

ಭಾವ, 73ರ ಹೆದ್ದಾರಿಯಲ್ಲಿ ತಿಪಟೂರು, ಅರಸೀಕೆರೆ, ಬೇಲೂರು ದಾಟಿ ಹೋಗುವುದಾದರೆ ಚಾರ್ಮಾಡಿ ಘಾಟಿಯನ್ನು ಬೆಳಕಿರುವಾಗಲೇ ಇಳಿಯಿರಿ. ಹೋದ ದಿನವೇ ಲೈಟ್‌ಹೌಸ್‌ಗೆ ಓಡಬೇಡಿ, ಮಾರನೆಯ ಬೆಳಗ್ಗೆಯಿಂದ ಶುರು ಮಾಡಿ. ಪುಟ್ಟಿ, ಭಾನುವಾರ ಮನೆಗೆ ಬಾ, ಭಾರದ ಟ್ರೈಪಾಡ್ ಕೊಡುತ್ತೇನೆ. ನಿನ್ನ ಹತ್ತಿರ ಇರುವ ಹಗುರದ್ದು ಕಡಲ ಗಾಳಿಗೆ ನಿಲ್ಲುವುದಿಲ್ಲ.