ಸಹಾಯ ಬೇಕು: ವಿದ್ಯಾರ್ಥಿ ಪತ್ರಿಕೆಯ ಹಳೆ ಸಂಚಿಕೆಗಳನ್ನು ಉಳಿಸಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಯ ಹಳೆ ಸಂಚಿಕೆಗಳನ್ನು ಸ್ಕ್ಯಾನ್ ಮಾಡಲು ಹೊರಟಿದ್ದೇವೆ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ. ಮಡಿಕೆ ಬಿಡಿಸಿದರೆ ಸಾಕು, ಅಂಚು ತರಗೆಲೆಯ ಹಾಗೆ ಪುಡಿಯಾಗುತ್ತದೆ. ನ್ಯೂಸ್‌ಪ್ರಿಂಟ್‌ನಲ್ಲಿ ಲಿಗ್ನಿನ್ (ಬೆಳಕು ತಾಗಿದರೆ ಕಾಗದದ ಬಣ್ಣ ಕೆಡಿಸುವ ಮರದ ಅಂಶ) ಜಾಸ್ತಿ ಅಲ್ವಾ, ಬೆಳಕು ತಾಗದ ಹಾಗೆ ಎತ್ತಿಟ್ಟಿದ್ದೇವೆ. ಒಂದು ಪುಟದಲ್ಲಿ ಪ್ರೂಫ್ ತಿದ್ದಿದವರ ಕೆಂಪು ಶಾಯಿ ಇನ್ನೂ ಹಾಗೇ ಇದೆ. ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ.

ದಪ್ಪ ಬೈಂಡ್ ಬಿಚ್ಚದೆ ಸ್ಕ್ಯಾನ್ ಮಾಡುವುದು ಹೇಗೆ? ಫ್ಲಾಟ್‌ಬೆಡ್ ಸ್ಕ್ಯಾನರ್‌ನ ಗಾಜಿನ ಮೇಲೆ ಒತ್ತಲು ಭಯ. ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆದರೆ ಸಣ್ಣ ಅಕ್ಷರಗಳಿಗೆ 300 ಡಿಪಿಐ (ಇಂಚಿಗೆ 300 ಚುಕ್ಕೆಗಳ ಸ್ಪಷ್ಟತೆ) ಸಿಗುತ್ತದೆಯೇ? ಅಮೆರಿಕದ ‘ಕಾರ್ನೆಲ್ ಡೈಲಿ ಸನ್’ ವಿದ್ಯಾರ್ಥಿ ಪತ್ರಿಕೆಯಲ್ಲಿ 1880ರ ಸುದ್ದಿಯನ್ನೂ ಪದ ಹಾಕಿ ಹುಡುಕಬಹುದು. ನಮಗೂ ಅದೇ ಆಸೆ. ಕನ್ನಡದ ಹಳೆ ಅಚ್ಚನ್ನು ಸರಿಯಾಗಿ ಓದುವ ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಹುಡುಕಬಹುದಾದ ಪಠ್ಯವಾಗಿಸುವ ತಂತ್ರಾಂಶ) ಬಳಸಿದವರು ಇದ್ದರೆ ದಯವಿಟ್ಟು ತಿಳಿಸಿ.